ಮಾವನವರಿಗೆ ದನಿ ತರಿಸಿದ್ದು

ಮಾವನವರ ಗಂಟಲಿನ ಆಪರೇಷನ್ ಆದ ಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವರ ಮಾತೆಲ್ಲ ನನ್ನ ಬಾಯಿಂದ ಹೊರಬಂತು. ಅವರು ಪಾಟಿಯ ಮೇಲೆ ಬಳಪದಿಂದ ಬರೆಯುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ನನ್ನ ಗಂಡ ಬೆಳಗ್ಗೆ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಅತ್ತೆಗೆ ಅಕ್ಷರ ಬರುವುದಿಲ್ಲ. ಹಾಗಾಗಿ ನಲವತ್ತು ವರ್ಷ ಜೊತೆಗೆ ಬಾಳಿದ ಆ ಗಂಡ ಹೆಂಡತಿಗೆ ಒಂದು ಮಾತು ಆಡಬೇಕಿದ್ದರೂ ನಡುವೆ ನಾನು ನಿಲ್ಲಬೇಕಾಗಿತ್ತು.

ಮಾವನವರು ಗುಡಗೇರಿಯ ಒಂದು ದಲಾಲಿ ಅಂಗಡಿಯಲ್ಲಿ ಹರಾಜಿನ ಸವಾಲು ಕೂಗುತ್ತಿದ್ದವರು. ಕಡಲೆ, ಗೋವಿನಜೋಳ, ಮೆಣಸಿನಕಾಯಿಯ ರಾಶಿಗಳ ನಡುವೆ ನಿಂತು ಅವರು ದರ ಕೂಗಿದರೆ ಅಂಗಳದ ಆಚೆ ಲಾರಿ ತುಂಬುತ್ತಿದ್ದ ಹಮಾಲರೂ ಕತ್ತೆತ್ತಿ ನೋಡುತ್ತಿದ್ದರಂತೆ. ನಾನು ಆ ದನಿಯನ್ನು ಒಂದೇ ಸಲ, ಬಸ್ಸಿಗಾಗಿ ಕಾಯುತ್ತಾ ದೂರದಿಂದ ಕೇಳಿದ್ದೆ. ಮನೆಯಲ್ಲಿ ಅವರದು ಸಣ್ಣ ದನಿ. ಅದರಲ್ಲೂ ನನ್ನ ಜೊತೆ ಮಾತೇ ಇರಲಿಲ್ಲ. ಸೊಸೆಯೊಂದಿಗೆ ಮಾವ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಚಹಾ ಬೇಕಾದರೆ ಅತ್ತೆಯ ಕಡೆ ನೋಡಿ, "ಆಕಿಗೆ ಹೇಳು" ಅನ್ನುತ್ತಿದ್ದರು. ನಾನು ಅಲ್ಲೇ ಎರಡು ಮಾರು ದೂರದಲ್ಲಿ ಇರುತ್ತಿದ್ದೆ. ಮದುವೆಯಾಗಿ ಹನ್ನೆರಡು ವರ್ಷ ಹೀಗೇ ಕಳೆದಿತ್ತು. ಅದರಲ್ಲಿ ಕೋಪವಾಗಲಿ ತಾತ್ಸಾರವಾಗಲಿ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ಕನ್ನಡ ಕಲಿಸಲು ಹೋಗುತ್ತೇನೆಂದಾಗ ಮೊದಲು ಹೂಂ ಅಂದವರು ಅವರೇ. ಅದನ್ನೂ ಅತ್ತೆಯ ಮೂಲಕವೇ ಹೇಳಿದರು.

ಒಂದು ಮುಂಗಾರಿನಲ್ಲಿ ಅವರ ದನಿ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಅಂದುಕೊಂಡೆವು. ಬೆಲ್ಲ, ಮೆಣಸು, ಬಿಸಿನೀರು ಎಲ್ಲ ಆಯಿತು. ಹಿಂಗಾರಿನ ಬಿತ್ತನೆಯ ಹೊತ್ತಿಗೆ ನುಂಗುವುದೂ ಕಷ್ಟವಾದಾಗ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಡಾಕ್ಟರು ಬೀಡಿ ಎಷ್ಟು ವರ್ಷದಿಂದ ಎಂದು ಕೇಳಿದರು. ಗಂಟಲಿನ ದನಿಪೆಟ್ಟಿಗೆಯನ್ನು ಪೂರಾ ತೆಗೆಯಬೇಕು, ಮುಂದೆ ಉಸಿರಾಡುವುದು ಕೊರಳಿನ ಕುಳಿಯಲ್ಲಿ ಮಾಡುವ ತೂತಿನಿಂದ ಎಂದು ಹೇಳಿ, "ಜೀವ ಉಳೀತದ. ದನಿ ಉಳಿಯಂಗಿಲ್ರಿ" ಅಂದರು.

ಆಸ್ಪತ್ರೆಗೆ ಹೊರಡುವ ದಿನ ಮುಂಜಾನೆ ಅವರು ಲಿಂಗಪೂಜೆಗೆ ಕುಳಿತರು. ದಿನವೂ ಮನಸ್ಸಿನಲ್ಲೇ ಅನ್ನುತ್ತಿದ್ದ ಮಂತ್ರವನ್ನು ಅವತ್ತು ಒಡೆದ ದನಿಯಲ್ಲಿ ಗಟ್ಟಿಯಾಗಿ ಅಂದರು. ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡಿದರು. ಅತ್ತೆ ಅಡುಗೆಮನೆಯ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಒಲೆಯ ಮೇಲೆ ಹಾಲು ಉಕ್ಕಿತು. ಅತ್ತೆಯಾಗಲಿ ನಾನಾಗಲಿ ಅತ್ತ ಹೋಗಲಿಲ್ಲ.

ಆಪರೇಷನ್ನು, ಅದರ ಮೇಲೆ ರೇಡಿಯೇಷನ್ನಿನ ಕರೆಂಟು ಕೊಡುವುದು ಎಲ್ಲ ಮುಗಿಸಿ ಮನೆಗೆ ಬಂದಾಗ ಮಾವನವರ ಕೊರಳಿನ ಚರ್ಮ ಒಣಗಿದ ತೊಗಲಿನ ಹಾಗೆ ಬಿರುಸಾಗಿತ್ತು. ತೂತಿನ ಮೇಲೆ ತೆಳುವಾದ ಬಿಳಿ ಅರಿವೆ ಕಟ್ಟಿಕೊಳ್ಳುತ್ತಿದ್ದರು. ಲಿಂಗದ ದಾರ ಅದಕ್ಕೆ ತಾಗದ ಹಾಗೆ ಅತ್ತೆ ಅದನ್ನು ಉದ್ದ ಮಾಡಿ ಕಟ್ಟಿದ್ದರು. ಕೈಸನ್ನೆಗೆ ಸಿಗುವ ಮಾತು ಸಿಗುತ್ತಿತ್ತು. ನೀರು, ಊಟ, ಬಾಗಿಲು ಹಾಕು, ದನ ಕಟ್ಟು. ಉಳಿದದ್ದಕ್ಕೆ ನನ್ನ ಮಗಳ ಪಾಟಿ. ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅವರ ಅಕ್ಷರ ದುಂಡಗೆ, ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಶಾಲೆಯಿಂದ ನಾನು ಬರುವುದನ್ನೇ ಕಾದು ಅತ್ತೆ ಪಾಟಿ ಹಿಡಿದು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು.

"ಮುಂಜಾನಿಂದ ಬರದ ಇಟ್ಟಾರವಾ. ಒರಸಾಕ ಬಿಟ್ಟಿಲ್ಲ. ಏನೈತಿ ನೋಡು."

ಒಮ್ಮೊಮ್ಮೆ ಅದರಲ್ಲಿ ಇರುತ್ತಿದ್ದುದು, "ಬೆನ್ನು ತುರಿಸುತ್ತದೆ" ಅಷ್ಟೇ. ತುರಿಕೆ ಆರು ತಾಸಿನ ಹಿಂದೆಯೇ ಹೋಗಿರುತ್ತಿತ್ತು.

ಮೊದಮೊದಲು ನಾಚಿಕೆಯಾಗುತ್ತಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು, ತರಗತಿಯಲ್ಲಿ ಪಾಠ ಓದುವ ಹಾಗೆ ಏರಿಳಿತವಿಲ್ಲದೆ ಓದುತ್ತಿದ್ದೆ. ಆದರೆ ಗಂಡ ಹೆಂಡತಿಯ ಮಾತಿನಲ್ಲಿ ಮೂರನೆಯವರು ಕೇಳಬಾರದ್ದು ಎಷ್ಟು ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಆಗ. ಒಂದು ದಿನ ಪಾಟಿಯಲ್ಲಿ ಹೀಗಿತ್ತು: "ನಾನು ಹೋದರೆ ಅಕಿ ಬಳಿ ಒಡೀಬ್ಯಾಡ್ರಿ. ಹಸಿರು ಬಳಿ ಅಕಿಗೆ ಚಂದ ಕಾಣತಾವು." ನಾನು ಓದಿದೆ. ಕಡೆಯ ಮಾತು ಓದುವಾಗ ನನ್ನ ದನಿ ಇಳಿಯಿತು. ಅತ್ತೆಯ ಮುಖ ಕೆಂಪಾಯಿತು.

"ಸುಮ್ನ ಇರು. ಹಂಗೆಲ್ಲಾ ಓದಬ್ಯಾಡ" ಎಂದು ನನ್ನನ್ನೇ ಬೈದು, ಪಾಟಿ ಕಸಿದು ಸೆರಗಿನಿಂದ ಒರೆಸಿಬಿಟ್ಟರು. ಅದನ್ನು ಬರೆದವಳು ನಾನೇ ಎಂಬಂತೆ ಎರಡು ದಿನ ನನ್ನ ಮುಖ ನೋಡಲಿಲ್ಲ. ಆ ಮಾತಿಗೆ ಅವರು ಗಂಡನೆದುರು ಅಳಬಹುದಾಗಿತ್ತು, ಜಗಳವಾಡಬಹುದಾಗಿತ್ತು. ನನ್ನೆದುರು ಎರಡೂ ಆಗಲಿಲ್ಲ.

ಆದರೆ ದನಿ ಕೊಡುವ ಯಂತ್ರವೊಂದರ ಬೆನ್ನು ನಾನು ಹತ್ತಿದ್ದು ಇನ್ನೊಂದು ದಿನದ ಕಾರಣಕ್ಕೆ. ಅವತ್ತು ಮಾವನವರಿಗೆ ಕೆಮ್ಮು ಹೆಚ್ಚಾಗಿ ತೂತಿನಲ್ಲಿ ಕಫ ಕಟ್ಟಿತ್ತು. ಅದನ್ನು ತೆಗೆಯುವಾಗ ಅತ್ತೆಯ ಕೈ ಜಾರಿ ಸ್ವಲ್ಪ ರಕ್ತ ಬಂತು. ಅತ್ತೆ ಅಳಲು ಶುರುಮಾಡಿದರು. ಮಾವನವರು ಬಳಪ ಮುರಿಯುವಷ್ಟು ಒತ್ತಿ ಬರೆದು ಪಾಟಿಯನ್ನು ನನ್ನ ಕಡೆ ತಿರುಗಿಸಿದರು. "ನಿನ್ನ ಅಳು ನೋಡಿ ಸಾಕಾಗೇದ. ತವರಿಗೆ ಹೋಗು. ನನ್ನ ಮುಟ್ಟಬ್ಯಾಡ."

ಅತ್ತೆ ಮೂಗು ಒರೆಸಿಕೊಂಡು ನನ್ನ ಬಾಯಿ ನೋಡುತ್ತಿದ್ದರು. ನಾನು ಹೇಳಿದೆ, "ಅಳಬ್ಯಾಡ, ನನಗೇನ್ ನೋವಾಗಿಲ್ಲ, ಸ್ವಲ್ಪ ಅಡ್ಡ ಆಗು ಅಂದಾರ್ರಿ."

ಮಾವನವರ ದನಿ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ. ಅವರು ನನ್ನನ್ನು ನೋಡಿದರು. ಹನ್ನೆರಡು ವರ್ಷದಲ್ಲಿ ಅವರು ನನ್ನ ಕಣ್ಣಿಗೆ ಕಣ್ಣು ಕೊಟ್ಟು ನೋಡಿದ್ದು ಅದೇ ಮೊದಲು. ಪಾಟಿಯ ಕೆಳಗೆ ಉಳಿದ ಜಾಗದಲ್ಲಿ ಸಣ್ಣದಾಗಿ ಬರೆದರು: "ಇದ್ದದ್ದು ಓದು."

ನಾನು ಓದಿದೆ. ಅತ್ತೆ ಎದ್ದು ಹಿತ್ತಲಿಗೆ ಹೋಗಿ ಸಗಣಿ ಕುಳ್ಳು ಬಡಿಯುವ ಕಲ್ಲಿನ ಮೇಲೆ ಕುಳಿತರು. ಅವರಿಗೆ ತವರಿನಲ್ಲಿ ಯಾರೂ ಉಳಿದಿಲ್ಲ ಎಂಬುದು ನಮ್ಮೆಲ್ಲರಿಗೂ ಗೊತ್ತಿತ್ತು. ಮಾವನವರು ಸ್ವಲ್ಪ ಹೊತ್ತು ಬಿಟ್ಟು ಪಾಟಿಯನ್ನು ಅಂಗೈಯಿಂದ ಒರೆಸಿದರು. ಆ ಮಾತು ಗಂಟಲಿನಿಂದ ಬಂದಿದ್ದರೆ ಸಿಟ್ಟಿನ ಮಾತಾಗಿ ಗಾಳಿಯಲ್ಲಿ ಹೋಗುತ್ತಿತ್ತು. ನನ್ನ ಬಾಯಿಯಿಂದ, ಸಿಟ್ಟಿಲ್ಲದ ದನಿಯಲ್ಲಿ ಹೊರಬಂದು ಅದು ತೀರ್ಪಿನ ಹಾಗೆ ಕೇಳಿಸಿತು. ಈ ಕೆಲಸ ನನ್ನಿಂದ ಇನ್ನು ಆಗದು ಎಂದು ಅವತ್ತು ಅನಿಸಿತು.

ಮುಂದಿನ ತಿಂಗಳು ತಪಾಸಣೆಗೆ ಹುಬ್ಬಳ್ಳಿಗೆ ಹೋದಾಗ ಮಾತಿನ ತರಬೇತಿ ಕೊಡುವ ಮೇಡಂ ಹತ್ತಿರ ಕೇಳಿದೆ. ಕೊರಳಿಗೆ ಒತ್ತಿ ಹಿಡಿದರೆ ಗುಂಯ್ ಎಂದು ನಡುಗುವ ಒಂದು ಯಂತ್ರವಿದೆ, ಆ ನಡುಕವನ್ನೇ ನಾಲಿಗೆ ತುಟಿಗಳಿಂದ ಮಾತು ಮಾಡಿಕೊಳ್ಳಬಹುದು ಎಂದು ಅವರು ಮೊದಲೇ ಹೇಳಿದ್ದರು. ಅವರ ಹತ್ತಿರವಿದ್ದ ಎರಡನ್ನು ಹಿಡಿದು ನೋಡಿದರು. ಬಿರುಸಾದ ಆ ಕೊರಳನ್ನು ದಾಟಿ ನಡುಕ ಒಳಗೆ ಹೋಗಲಿಲ್ಲ. ಆಮೇಲೆ ಅವರು ಕಪಾಟಿನ ಕೆಳಗಿನಿಂದ ಒಂದು ಹಳೆಯದನ್ನು ತೆಗೆದರು. ಕೈಬ್ಯಾಟರಿಯಷ್ಟು ಗಾತ್ರದ, ಬಣ್ಣ ಹೋದ ಯಂತ್ರ. ಅದನ್ನು ಅವರೇ ಜಾಗ ಹುಡುಕಿ ಗದ್ದದ ಕೆಳಗೆ ಒತ್ತಿ ಹಿಡಿದು, "ಅಜ್ಜಾರ, ಹೌದು ಅನ್ರಿ" ಅಂದರು.

"ಹೌದು" ಎಂದು ಕೇಳಿಸಿತು. ತಗಡಿನ ಡಬ್ಬಿಯೊಳಗಿನಿಂದ ಬಂದ ಹಾಗಿತ್ತು, ಆದರೆ ಮಾತಾಗಿತ್ತು. ಮಾವನವರು ತಮ್ಮ ತುಟಿ ಮುಟ್ಟಿಕೊಂಡರು.

"ಇದs ಇವರಿಗೆ ಬರೋಬ್ಬರಿ ಐತ್ರಿ. ಆದ್ರ ಇದನ್ನ ಮಾಡೋದು ಬಿಟ್ಟಾರ. ಇಲ್ಲೆ ಎಲ್ಲೂ ಸಿಗಂಗಿಲ್ಲ. ಇದ ನನ್ನ ಹತ್ರ ಇರೋದು ಒಂದs, ಬ್ಯಾರೆ ಪೇಶಂಟಗೂ ಬೇಕು" ಎಂದು ಮೇಡಂ ಅದರ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟರು.

ನಮ್ಮೂರಲ್ಲಿ ಫೋನಿಗೆ ಸರಿಯಾಗಿ ಇಂಟರ್ನೆಟ್ಟಿನ ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ, ಅದೂ ಸ್ಟೇಷನ್ ಕಡೆಯ ಮೂಲೆಯಲ್ಲಿ. ಶಾಲೆ ಮುಗಿಸಿ ಬಂದು ಅಲ್ಲಿ ಒಣಹಾಕಿದ ಮೆಣಸಿನಕಾಯಿಯ ಪಕ್ಕ ಕುಳಿತು ಹುಡುಕುತ್ತಿದ್ದೆ. ಹದಿನೈದು ದಿನದ ಮೇಲೆ ಅಮೆರಿಕದ ಒಂದು ಮಾರಾಟದ ತಾಣದಲ್ಲಿ ಅದೇ ನಂಬರಿನದು ಸಿಕ್ಕಿತು. ಮಾರುತ್ತಿದ್ದವರು ಒಬ್ಬ ಹೆಂಗಸು. ಚಿತ್ರದ ಕೆಳಗೆ ಮೂರೇ ಸಾಲು ಬರೆದಿದ್ದರು. ಇದು ನನ್ನ ಗಂಡನಿಗೆಂದು ಹೆಚ್ಚಿಗೆ ತೆಗೆದಿಟ್ಟದ್ದು. ಡಬ್ಬಿ ಇನ್ನೂ ತೆರೆದಿಲ್ಲ. ಈಗ ಅದರ ಅಗತ್ಯವಿಲ್ಲ. ಹೊರದೇಶಕ್ಕೆ ಕಳಿಸುವುದಿಲ್ಲ ಎಂದೂ ಇತ್ತು. ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಮಾವನವರ ವಿಷಯ ಬರೆದು, ಭಾರತಕ್ಕೆ ಕಳಿಸುತ್ತೀರಾ ಎಂದು ಕೇಳಿದೆ. ಮರುದಿನ ಉತ್ತರ ಬಂತು. ತನಗೆ ವಯಸ್ಸಾಗಿದೆ, ಹೊರದೇಶದ ಕಾಗದಪತ್ರ ತುಂಬುವುದು ತನ್ನಿಂದಾಗದು, ಆದರೆ ಎರಡು ವಾರ ಬೇರೆ ಯಾರಿಗೂ ಮಾರದೆ ಇಟ್ಟಿರುತ್ತೇನೆ, ಅಷ್ಟರಲ್ಲಿ ಏನಾದರೂ ದಾರಿ ಹುಡುಕು ಎಂದಿದ್ದರು.

ದಾರಿ ಹೇಳಿದ್ದು ಮೇಡಂ. ಅವರು ತಮ್ಮ ಓದಿನ ಪುಸ್ತಕಗಳನ್ನು ಹಾಗೆ ತರಿಸಿದ್ದರಂತೆ. "ಅಲ್ಲೆ ಒಂದು ಕಂಪನಿ ನಿಮ್ಮ ಹೆಸರಿಗೆ ವಿಳಾಸ ಕೊಡ್ತೈತ್ರಿ. ಸಾಮಾನು ಆ ವಿಳಾಸಕ್ಕ ತರಿಸ್ರಿ. ಅವರು ಅದನ್ನ ಇಲ್ಲಿಗೆ ಕಳಸ್ತಾರ" ಎಂದು ಫೋನಿನಲ್ಲೇ ತಿಳಿಸಿ ಹೇಳಿದರು. ನಾನು ಹೆಸರು ನೋಂದಾಯಿಸಿದೆ. ಯಾವುದೋ ಊರಿನ ದೊಡ್ಡ ಗೋದಾಮಿನ ವಿಳಾಸ ಬಂತು. ಅದರ ಮೇಲೆ ನನ್ನ ಹೆಸರು, ಹೆಸರಿನ ಮುಂದೆ ಒಂದು ಖಾನೆಯ ನಂಬರು. ಇಲ್ಲಿ ಮನೆಯ ಉತಾರದಲ್ಲಾಗಲಿ ಹೊಲದ ಕಾಗದದಲ್ಲಾಗಲಿ ನನ್ನ ಹೆಸರಿಲ್ಲ. ನೋಡದ ಆ ಊರಿನಲ್ಲಿ ನನ್ನ ಹೆಸರಿಗೆ ಒಂದು ಖಾನೆ ಇರುವುದನ್ನು ಎರಡು ಮೂರು ಸಲ ಓದಿಕೊಂಡೆ.

ನನ್ನ ಗಂಡ ಒಪ್ಪಲಿಲ್ಲ. "ಮಾರಾಕಿ ಯಾರೋ, ಇಸ್ಕೊಳ್ಳಾಂವ ಯಾರೋ, ಕಳಸಾಂವ ಮತ್ತೊಬ್ಬ. ಇದರಾಗ ನಾವು ಯಾರನ್ನ ಹಿಡಿಯೋದು?"

"ಯಾರನ್ನೂ ಹಿಡಿಯಾಕ ಆಗಂಗಿಲ್ಲ. ನಂಬಬೇಕಷ್ಟs" ಅಂದೆ.

ಅವರು, "ಅಪ್ಪ ಅವತ್ತ ಹೌದು ಅಂದದ್ದು ನೀ ಖರೇನs ಕೇಳಿದಿ?" ಎಂದರು. ಕೇಳಿದೆ ಅಂದೆ. ಮರುದಿನ ಬ್ಯಾಂಕಿಗೆ ಅವರೇ ನನ್ನ ಜೊತೆ ಬಂದು, ನನ್ನ ಕಾರ್ಡು ಹೊರದೇಶದ ಖರೀದಿಗೆ ನಡೆಯುವ ಹಾಗೆ ಮಾಡಿಸಿದರು.

ಪಾರ್ಸೆಲ್ಲು ಗೋದಾಮು ಮುಟ್ಟಿದ್ದು ಹತ್ತು ದಿನಕ್ಕೆ. ಅವರು ಚಿತ್ರ ಕಳಿಸಿದರು. ಕಂದು ಬಣ್ಣದ ದೊಡ್ಡ ಡಬ್ಬಿ, ಅದರ ಮೇಲೆ ನಡುಗುವ ಕೈಯ ಅಕ್ಷರದಲ್ಲಿ ನನ್ನ ಹೆಸರು. ಜೊತೆಗೆ ಪ್ರಶ್ನೆಗಳು. ಒಳಗಿರುವ ಬ್ಯಾಟರಿ ವಿಮಾನದಲ್ಲಿ ಹೋಗುವ ಹಾಗಿಲ್ಲ, ತೆಗೆಯಬಹುದೇ? ಹೂಂ ಎಂದು ಗುರುತು ಹಾಕಿದೆ. ಹೊರಗಿನ ಡಬ್ಬಿ ಮತ್ತು ಒಳಗೆ ತುಂಬಿದ ಕಾಗದ ತೆಗೆದುಹಾಕಿ ಚಿಕ್ಕದಾಗಿ ಕಟ್ಟಬೇಕೇ? ತೂಕ ಕಡಿಮೆಯಾಗುತ್ತದೆ ಎಂದು ಅದಕ್ಕೂ ಹೂಂ ಅಂದೆ. ಆ ಎರಡನೆಯ ಗುರುತನ್ನು ಹಾಕುವಾಗ ನಾನು ಒಂದು ಕ್ಷಣವೂ ಯೋಚನೆ ಮಾಡಲಿಲ್ಲ.

ಆಮೇಲೆ ಅದು ಕಸ್ಟಮ್ಸಿನಲ್ಲಿ ನಿಂತಿತು. ಆಧಾರ್ ಕಾರ್ಡು, ಖರೀದಿಯ ಬಿಲ್ಲು, ಡಾಕ್ಟರ ಪತ್ರ ಬೇಕು ಎಂದು ಸಂದೇಶ ಬಂತು. ಹುಬ್ಬಳ್ಳಿಗೆ ಹೋಗಿ ಪತ್ರ ಬರೆಸಿಕೊಂಡು ಬಂದೆ. ಅವರು ಕಳಿಸಿದ ಫಾರಮ್ಮಿನಲ್ಲಿ, ಈ ವಸ್ತು ಯಾವ ಉಪಯೋಗಕ್ಕೆ ಎಂಬ ಖಾನೆಯಿತ್ತು. ಡಾಕ್ಟರ ಪತ್ರದಲ್ಲಿದ್ದ ಉದ್ದನೆಯ ಹೆಸರನ್ನು ಬರೆಯಲು ಹೋಗಿ, ಅದನ್ನು ಬಿಟ್ಟು, ನನ್ನ ಮಾವನವರು ಮಾತನಾಡುವುದಕ್ಕೆ ಎಂದು ಇಂಗ್ಲಿಷಿನಲ್ಲಿ ಬರೆದೆ. ಸುಂಕ ಕಟ್ಟಿದ ಮೇಲೆ ಬಿಡುಗಡೆಯಾಯಿತು. ಈ ಎಲ್ಲ ದಿನ ಅತ್ತೆ ದಿನಕ್ಕೊಮ್ಮೆ, "ಎಲ್ಲಿಗೆ ಬಂತವಾ ಈಗ?" ಎಂದು ಕೇಳುತ್ತಿದ್ದರು. ನಾನು ಫೋನು ನೋಡಿ ಊರಿನ ಹೆಸರು ಹೇಳುತ್ತಿದ್ದೆ. ಮುಂಬಯಿ ಎಂದಾಗ ಮಾತ್ರ ಅವರ ಮುಖ ಅರಳಿತು, ಆ ಹೆಸರು ಅವರಿಗೆ ಗೊತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಕುಂದಗೋಳದಿಂದ ಕೊರಿಯರ್‌ನವನ ಫೋನು ಬಂತು. "ಅಕ್ಕಾರ, ನಿಮ್ಮೂರ ತನಕ ನಾವು ಬರಂಗಿಲ್ರಿ. ಬಸ್‌ಸ್ಟ್ಯಾಂಡ ಬಾಜೂಕ ಅದೇನಿ. ಬಂದು ಒಯ್ಯಿರಿ." ಅರ್ಧ ದಿನ ರಜೆ ಹಾಕಿ ಹೋದೆ. ಅವನ ಫೋನಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಿದೆ. ಪಾರ್ಸೆಲ್ಲು ಇಷ್ಟೇ ಇಷ್ಟು, ಒಂದು ತುಂಬಿದ ಊಟದ ಡಬ್ಬಿಯಷ್ಟು ಭಾರ. ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಬಂದೆ.

ಮೊದಲ ದಿನ ನಾನು ದೊಡ್ಡ ತಪ್ಪು ಮಾಡಿದೆ. ಮನೆಯಲ್ಲಿ ಎಲ್ಲರೂ ಇರಲಿ ಎಂದು ಭಾನುವಾರದವರೆಗೆ ಕಾದೆ. ಸುದ್ದಿ ಓಣಿಗೆಲ್ಲ ಹಬ್ಬಿತು. ಅಕ್ಕಪಕ್ಕದವರು, ದಲಾಲಿ ಅಂಗಡಿಯಲ್ಲಿ ಜೊತೆಗಿದ್ದ ಇಬ್ಬರು ಹಮಾಲರು ಬಂದು ಪಡಸಾಲೆಯಲ್ಲಿ ಕುಳಿತರು. ಮಾವನವರು ಬಿಳಿ ಅಂಗಿ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು ಬಂದರು. ಹೊಸ ಬ್ಯಾಟರಿ ಹಾಕಿ ಕೈಗೆ ಕೊಟ್ಟೆ. ಅವರು ಕೊರಳಿಗೆ ಒತ್ತಿದರು. ಗುಂಯ್ ಎಂಬ ಸದ್ದು ಎದ್ದಿತು. ತುಟಿ ಅಲ್ಲಾಡಿತು. ಸದ್ದಷ್ಟೇ ಬಂತು, ಮೇಡಂ ಹುಡುಕಿದ ಜಾಗ ಸಿಗದೆ ಮಾತು ಬರಲಿಲ್ಲ. ಬೇರೆ ಜಾಗಕ್ಕೆ ಒತ್ತಿದರು, ಇನ್ನೂ ಜೋರಾಗಿ ಒತ್ತಿದರು. ಯಾರದೋ ಒಂದು ಮಗು ನಕ್ಕಿತು. ತಾಯಿ ಅದರ ಬಾಯಿ ಮುಚ್ಚಿದಳು. ಅತ್ತೆ ಎದ್ದು ನಿಂತರು.

"ಇದು ಅವರ ದನಿ ಅಲ್ಲ" ಎಂದು ನೆಲ ನೋಡುತ್ತಾ ಹೇಳಿ ಒಳಗೆ ಹೋದರು.

ಮಾವನವರು ಯಂತ್ರವನ್ನು ಆರಿಸಿ ಡಬ್ಬಿಯೊಳಗೆ ಇಟ್ಟರು. ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು. ಒಬ್ಬ ಹಮಾಲ ಹೋಗುವಾಗ ಬಾಗಿ ಅವರ ಕಾಲು ಮುಟ್ಟಿದ. ಆಮೇಲೆ ಹತ್ತು ದಿನ ಮಾವನವರು ಆ ಡಬ್ಬಿಯನ್ನು ತೆರೆಯಲಿಲ್ಲ. ಮತ್ತೆ ಪಾಟಿ ಶುರುವಾಯಿತು. ಅದರಲ್ಲೂ ಮೊದಲಿನಷ್ಟು ಬರೆಯುತ್ತಿರಲಿಲ್ಲ. ನಾನು ಶಾಲೆಯಿಂದ ಬಂದಾಗ ಪಾಟಿ ಖಾಲಿ ಇರುತ್ತಿತ್ತು. ಅತ್ತೆ ಅದನ್ನೇ ತೋರಿಸಿ, "ಏನೂ ಬರದಿಲ್ಲ" ಎನ್ನುತ್ತಿದ್ದರು. ನನ್ನ ಗಂಡ ಬೈದಿದ್ದರೆ ಹಗುರವಾಗುತ್ತಿತ್ತು.

ಹನ್ನೊಂದನೆಯ ದಿನವೋ ಏನೋ, ಮಾರಿದ ಆ ಹೆಂಗಸಿನ ಸಂದೇಶ ಬಂತು. ಪಾರ್ಸೆಲ್ಲು ಮುಟ್ಟಿತೇ, ಒಳಗೆ ನಾನಿಟ್ಟ ಪತ್ರ ಓದಿದೆಯಾ ಎಂದು ಕೇಳಿದ್ದರು. ನನಗೆ ಪತ್ರ ಸಿಕ್ಕಿರಲಿಲ್ಲ. ಕಾಗದವನ್ನೆಲ್ಲ ತೆಗೆದುಹಾಕಿ ಎಂದು ನಾನೇ ಹಾಕಿದ ಗುರುತು ಆಗ ನೆನಪಾಯಿತು. ಸಾಮಾನು ಅಲುಗಾಡದಂತೆ ತುಂಬಿದ ಕಾಗದದ ಜೊತೆ ಅದೂ ಹೋಗಿತ್ತು. ಗೋದಾಮಿನವರು ನಾನು ಹೇಳಿದ್ದನ್ನೇ ಮಾಡಿದ್ದರು. ಸುಳ್ಳು ಹೇಳಿ ಮುಗಿಸಬಹುದಿತ್ತು. ಇದ್ದದ್ದು ಇದ್ದ ಹಾಗೆ ಬರೆದೆ. ಪತ್ರ ನನ್ನ ತಪ್ಪಿನಿಂದ ಹೋಯಿತು, ಮಾವನವರಿಗೆ ಯಂತ್ರ ಒಗ್ಗಲಿಲ್ಲ, ಅತ್ತೆ ಆ ದನಿ ಕೇಳಲಾರದೆ ಒಳಗೆ ಹೋದರು, ಕ್ಷಮಿಸಿ ಎಂದು.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಬಂತು, ಉದ್ದವಾಗಿ. ಪತ್ರ ಹೋದರೆ ಹೋಗಲಿ, ಅದರಲ್ಲಿದ್ದುದನ್ನು ಇನ್ನೊಮ್ಮೆ ಬರೆಯುತ್ತೇನೆ ಎಂದು ಶುರುಮಾಡಿದ್ದರು. ಅವರ ಗಂಡ ಹನ್ನೊಂದು ವರ್ಷ ಅಂಥದ್ದೇ ಯಂತ್ರದಿಂದ ಮಾತಾಡಿದ್ದರಂತೆ. ಮೊದಲ ತಿಂಗಳು ಅವರು ಬಾಯಿ ತೆರೆದಾಗಲೆಲ್ಲ ತಾನು ಏನೋ ನೆಪ ಮಾಡಿಕೊಂಡು ಕೋಣೆಯಿಂದ ಹೊರಗೆ ಹೋಗುತ್ತಿದ್ದೆ, ಆ ತಿಂಗಳನ್ನು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ, ನಿನ್ನ ಅತ್ತೆಯನ್ನು ಬೈಯಬೇಡ ಎಂದಿದ್ದರು. ಕೊರಳು ಬಿರುಸಾಗಿದ್ದರೆ ಕೊರಳಿಗೆ ಹಿಡಿಯಬಾರದು, ಗಲ್ಲದ ಮೆತ್ತನೆಯ ಜಾಗಕ್ಕೆ, ಜೋರಾಗಿ ಒತ್ತದೆ ಹಿಡಿಯಬೇಕು. ಉಸಿರು ಬಿಗಿಹಿಡಿಯಬಾರದು. ಹತ್ತು ಜನರ ಎದುರು ಬೇಡ. ಕೇಳುವವರು ಒಬ್ಬರೇ ಇರಲಿ, ಅವರೂ ಮುಖ ನೋಡುತ್ತಾ ಕುಳಿತುಕೊಳ್ಳಬಾರದು. ಕೈಯಲ್ಲಿ ಏನಾದರೂ ಕೆಲಸ ಇಟ್ಟುಕೊಂಡು ಬೆನ್ನು ತಿರುಗಿಸಿರಲಿ. ಮಾವನವರು ದಿನಾ ಆಡುತ್ತಿದ್ದ ಮಾತನ್ನೇ ಮೊದಲು ಆಡಲಿ, ಹೊಸ ಮಾತು ಬೇಡ. ಕೊನೆಯಲ್ಲಿ, ನನ್ನ ಗಂಡ ಮೊದಲು ಆಡಿದ ಮಾತು ಕಾಫಿ ಆರಿಹೋಗಿದೆ ಎಂಬುದು ಎಂದು ಬರೆದಿದ್ದರು.

ಇದನ್ನು ಮಾವನವರಿಗೆ ನಾನೇ ಹೇಳಬೇಕಾಗಿತ್ತು. ಪಾಟಿಯಲ್ಲಿ ಇದ್ದುದನ್ನು ಓದುವುದು ಬೇರೆ, ನನ್ನ ಮಾತನ್ನು ಅವರೆದುರು ನಿಂತು ಆಡುವುದು ಬೇರೆ. ಅತ್ತೆ ಹಿತ್ತಲಲ್ಲಿದ್ದಾಗ ಪಡಸಾಲೆಯ ಕಂಬದ ಪಕ್ಕ ನಿಂತು, "ಮಾವಾರ, ಒಂದು ಮಾತು ಹೇಳೂದೈತ್ರಿ" ಅಂದೆ. ಅವರು ಕತ್ತೆತ್ತಿದರು. ಫೋನಿನಲ್ಲಿದ್ದುದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದೆ. ಕಾಫಿ ಆರಿದ ಮಾತಿಗೆ ಬಂದಾಗ ಅವರ ಹೆಗಲು ಅಲುಗಿತು. ನಕ್ಕರು ಎಂದು ಗೊತ್ತಾಗಲು ನನಗೆ ತುಸು ಹೊತ್ತು ಬೇಕಾಯಿತು. ಅವರ ನಗುವಿಗೂ ಸದ್ದಿರಲಿಲ್ಲ.

ಮರುದಿನ ಮುಂಜಾನೆ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಕುಳಿತಿದ್ದರು. ಬೆನ್ನು ಬಾಗಿಲ ಕಡೆ. ಮಾವನವರು ಬಂದು ಅಡುಗೆಮನೆಯ ಹೊಸ್ತಿಲ ಹೊರಗೆ, ಗೋಡೆಗೆ ಒರಗಿ ಕುಳಿತರು. ನಾನು ಪಕ್ಕದ ಕೋಣೆಯಲ್ಲಿ ಮಗಳಿಗೆ ಜಡೆ ಹಾಕುತ್ತಿದ್ದೆ. ರೊಟ್ಟಿ ಬಡಿಯುವ ಸದ್ದಿನ ನಡುವೆ ಸಣ್ಣಗೆ ಗುಂಯ್ ಎಂದಿತು.

"ಕೇಳಿಲ್ಲೆ."

ಅತ್ತೆಯನ್ನು ಅವರು ಮದುವೆಯಾದ ದಿನದಿಂದ ಕರೆಯುತ್ತಿದ್ದುದೇ ಹಾಗೆ, ಇಲ್ಲಿ ಕೇಳು ಎಂದು. ಹೆಸರು ಹಿಡಿದವರಲ್ಲ. ರೊಟ್ಟಿಯ ಸದ್ದು ನಿಂತಿತು. ನಾನು ಮಗಳ ಜಡೆ ಹಿಡಿದುಕೊಂಡೇ ಕುಳಿತೆ. ಎಷ್ಟು ಹೊತ್ತೋ ತಿಳಿಯದು, ಮತ್ತೆ ಬಡಿಯುವುದು ಶುರುವಾಯಿತು, ಮೊದಲಿಗಿಂತ ಮೆಲ್ಲಗೆ.

"ಹೇಳ್ರಿ" ಎಂದರು ಅತ್ತೆ. ಅವರ ದನಿ ಬಂದ ರೀತಿಯಿಂದ, ಅವರು ತಿರುಗಿ ನೋಡಿಲ್ಲ ಎಂದು ಗೊತ್ತಾಯಿತು.

ನಾನು ಮಗಳ ಕೈಹಿಡಿದು ಹಿತ್ತಲ ಬಾಗಿಲಿನಿಂದ ಹೊರಗೆ ಹೋದೆ. ಅವರು ಮುಂದೆ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ನಾವು ವಾಪಸು ಬಂದಾಗ ರೊಟ್ಟಿಯ ಹಿಟ್ಟು ಅರ್ಧ ಹಾಗೇ ಇತ್ತು, ಒಲೆ ಆರಿತ್ತು. ಅತ್ತೆಯ ಕಣ್ಣು ಊದಿದ್ದವು. ನನ್ನನ್ನು ನೋಡಿ, "ಹೊತ್ತಾತು, ಸಾಲಿಗೆ ನಡಿ" ಅಂದರು.

ಕಲಿಯಲು ತಿಂಗಳುಗಳೇ ಹಿಡಿದವು. ಕೆಲವು ಅಕ್ಷರ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ಆದರೆ ನಾನು ಶಾಲೆಯಿಂದ ಬರುವಾಗ ಅವರಿಬ್ಬರೂ ಕಟ್ಟೆಯ ಮೇಲೆ ಮಾತಾಡುತ್ತಾ ಕುಳಿತಿರುತ್ತಿದ್ದರು, ನನ್ನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಅದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದೆ. ಆದರೂ ಮೊದಲ ಕೆಲವು ದಿನ ಆ ನಿಂತುಹೋದ ಮಾತು ಏನಿರಬಹುದು ಎಂದು ಮನಸ್ಸು ಹುಡುಕುತ್ತಿತ್ತು. ಒಂದು ವರ್ಷ ಅವರಿಬ್ಬರ ಗುಟ್ಟೆಲ್ಲ ನನ್ನ ನಾಲಿಗೆಯ ಮೇಲಿತ್ತು. ಬೇಡವೆಂದು ಬೇಡಿಕೊಂಡ ಕೆಲಸ ಕೈಬಿಟ್ಟು ಹೋದಾಗ ಕೈ ಖಾಲಿಯಾದ ಹಾಗೆ ಅನಿಸುವುದು ನನಗೆ ಹೊಸದು.

ಒಂದು ದಿನ ಚಹಾ ಇಟ್ಟು ತಿರುಗುವಾಗ ಹಿಂದಿನಿಂದ ಗುಂಯ್ ಎಂದಿತು. "ತಂಗೀ." ನಾನು ಸೆರಗು ಸರಿಮಾಡಿಕೊಂಡು ನಿಂತೆ. "ನಿನಗ ಭಾಳ ತ್ರಾಸ ಕೊಟ್ಟೆವು" ಎಂದರು ಮಾವನವರು. ಇಲ್ಲ ಎಂದು ತಲೆಯಾಡಿಸಿದೆ. ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡರು.

ಆ ಅಮೆರಿಕದ ತಾಯಿಗೆ ಇದೆಲ್ಲವನ್ನೂ ಬರೆದೆ. ಉತ್ತರ ಬರಲಿಲ್ಲ. ಮತ್ತೊಮ್ಮೆ ಬರೆದೆ, ಅದಕ್ಕೂ ಬರಲಿಲ್ಲ. ಅವರು ಆ ತಾಣವನ್ನೇ ಬಿಟ್ಟರೋ, ಕಾಯಿಲೆ ಬಿದ್ದರೋ ತಿಳಿಯುವ ದಾರಿ ನನಗಿಲ್ಲ. ನನ್ನ ಹತ್ತಿರ ಇರುವುದು ಡಬ್ಬಿಯ ಆ ಒಂದು ಚಿತ್ರ.

ಮಾವನವರ ತಂಗಿಯನ್ನು ಮೊರಬಕ್ಕೆ ಕೊಟ್ಟಿದೆ. ಅವರಿಗೆ ಮೊಣಕಾಲು ನೋವು, ಬಸ್ಸು ಹತ್ತಲಾರರು. ಆಪರೇಷನ್ ಆದ ಮೇಲೆ ಅಣ್ಣನ ದನಿ ಕೇಳಿರಲಿಲ್ಲ. ಈ ಸಲದ ಶ್ರಾವಣದಲ್ಲಿ ಮಾವನವರು ತಾವೇ ಫೋನು ಮಾಡುತ್ತೇನೆಂದರು. ನಾನು ನಂಬರು ಒತ್ತಿ ಸ್ಪೀಕರ್ ಹಾಕಿ ಕೊಟ್ಟೆ. ಆ ಕಡೆಯಿಂದ ಹಲೋ ಎಂದಾಗ ಇವರು, "ನಾನವಾ, ಅಣ್ಣ" ಎಂದರು. ಫೋನು ಕಟ್ಟಾಯಿತು. ಇನ್ನೊಮ್ಮೆ ಮಾಡಿದೆವು. "ಯಾವದೋ ಕಂಪನಿ ಮಷೀನು ಮಾತಾಡಾಕತ್ತೈತಿ" ಎಂದು ಅವರು ಯಾರಿಗೋ ಹೇಳಿದ್ದು ಕೇಳಿಸಿತು, ಮತ್ತೆ ಕಟ್ಟಾಯಿತು. ಮಾವನವರು ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡರು.

ಅತ್ತೆ ಕೈಯಲ್ಲಿದ್ದ ಕಾಳಿನ ಮೊರ ಕೆಳಗಿಟ್ಟು ಬಂದು, "ಹಚ್ಚವಾ ಮತ್ತೊಮ್ಮೆ" ಎಂದು ಫೋನು ತೆಗೆದುಕೊಂಡರು.

"ಏ ತಂಗೀ, ಇಡಬ್ಯಾಡ. ನಿಮ್ಮಣ್ಣ ಅದಾರ."

"ವೈನೀ, ಈಗ ಯಾವದೋ ಮಷೀನು..."

"ಯಾವ ಮಷೀನು? ಅವರs ಮಾತಾಡಾಕತ್ತಾರ. ಸುಮ್ನ ಕೇಳು."

ಫೋನನ್ನು ಗಂಡನ ಬಾಯಿಯ ಹತ್ತಿರ ಹಿಡಿದುಕೊಂಡು ಅತ್ತೆ ಅಲ್ಲೇ ಕುಳಿತರು. ಮಾವನವರು ಗಲ್ಲಕ್ಕೆ ಯಂತ್ರ ಹಿಡಿದು, ಚಿಕ್ಕವರಿದ್ದಾಗ ತಂಗಿಯನ್ನು ಕರೆಯುತ್ತಿದ್ದ ಮುದ್ದಿನ ಹೆಸರು ಅಂದರು. ಆ ಕಡೆಯಿಂದ, "ಅಣ್ಣಾ, ಉಂಡಿ?" ಎಂದು ಅಳುವ ದನಿ ಬಂತು.

"ಉಂಡೆ. ರೊಟ್ಟಿ, ಹೆಸರಕಾಳ ಪಲ್ಲೆ" ಎಂದರು ಮಾವನವರು.

ಅವರು ಮೊರಬದ ಕಡೆ ಮಳೆ ಹೇಗಿದೆ ಎಂದು ಕೇಳಿದರು. ತಂಗಿ ಹೆಸರಿನ ಬೆಳೆಯ ವಿಷಯ, ಮೊಣಕಾಲಿನ ವಿಷಯ ಹೇಳತೊಡಗಿದರು. ನಾನು ಎದ್ದು, ಮಾಳಿಗೆಯ ಮೇಲೆ ಒಣಹಾಕಿದ್ದ ಅರಿವೆ ತರಲು ಹೋದೆ.